ರೇಷ್ಮೆಗೂ ಉಣ್ಣೆಗೂ ನಡುವೆ

ನಮ್ಮೂರಿನಲ್ಲಿ ಯಾರ ಮನೆಗೇ ಹೋಗಲಿ, ಹೊಸ್ತಿಲ ಹೊರಗೆ ನಿಂತು ಹೆಗಲ ಮೇಲಿನ ಟವೆಲ್ ಕೊಡವಬೇಕು. ಗಂಡಸರು ಟವೆಲ್, ಹೆಂಗಸರು ಸೆರಗು, ಎರಡೂ ಇಲ್ಲದವರು ಅಂಗಿಯ ತುದಿ. ಒಂದು ಸಲ ಕೊಡವಿದರೆ ಬಳಕೆಯವರು, ಎರಡು ಸಲ ಕೊಡವಿದರೆ ಮರ್ಯಾದಸ್ಥರು. ನಿಂಬೆವ್ವನ ಮನೆಯಲ್ಲಿ ಮಾತ್ರ ಮೂರು ಸಲ. ಅವಳು ಒಳಗೆ ಕುಳಿತೇ ಕಿವಿಗೊಟ್ಟು ಎಣಿಸುತ್ತಿದ್ದಳು. ಎರಡಕ್ಕೆ ನಿಲ್ಲಿಸಿ ಕಾಲೆತ್ತಿದರೆ "ಇನ್ನೊಂದು ಉಳೀತು" ಎಂಬ ಮಾತು ಬರುತ್ತಿತ್ತು. ಹನ್ನೊಂದು ವರ್ಷ ನಾನು ಆ ಹೊಸ್ತಿಲಲ್ಲಿ ನಿಂತು ಕೊಡವಿದ್ದೇನೆ. ನನ್ನ ಟವೆಲ್‌ಗಳು ಬೇಗ ಬೇಗ ಹರಿಯುತ್ತಿದ್ದುದಕ್ಕೆ ಬೇರೆ ಕಾರಣವಿಲ್ಲ.

ನಮ್ಮಲ್ಲಿ ಹೊಗೆ ಹೋಗುವುದಿಲ್ಲ. ಹುಟ್ಟಿದಲ್ಲೇ ನಿಲ್ಲುತ್ತದೆ. ಕಿಟಕಿ ತೆರೆದರೂ ಅಷ್ಟೆ, ಫ್ಯಾನು ಹಾಕಿದರೂ ಅಷ್ಟೆ. ಮೈ ತಾಗಿದರೆ ತುಸು ಸರಿದು, ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಆದರೆ ಒಂದು ಹೊಗೆಗೆ ಇನ್ನೊಂದು ಸೋಕಿತೋ, ಹಾಲಿಗೆ ನೀರು ಬೆರೆತ ಹಾಗೆ. ಆಮೇಲೆ ಯಾರಪ್ಪನಿಂದಲೂ ಬಿಡಿಸಲಾಗದು. ಬಟ್ಟೆಗೆ ಅಂಟಿಕೊಂಡು ಬಂದಷ್ಟು ಸಾಕು, ಬೆರೆಯುವುದಕ್ಕೆ. ಆದ್ದರಿಂದ ಅಡುಗೆಯೆಲ್ಲ ಹಳ್ಳದ ಆಚೆಯ ಒಲೆಸಾಲಿನಲ್ಲಿ. ಹಳ್ಳ ದಾಟಿದರೆ ಹೊಗೆ ಉಳಿದ ಊರುಗಳ ಹೊಗೆಯಂತೆ ಮೇಲಕ್ಕೆ ಹೋಗುತ್ತದೆ. ಬೀಡಿ ಸೇದುವವರೂ ಅಲ್ಲಿಗೇ ನಡೆಯುತ್ತಾರೆ.

ಊರೊಳಗೆ ಒಬ್ಬರಿಗೆ ಜೀವಮಾನಕ್ಕೆಲ್ಲ ಒಂದೇ ಹೊಗೆ. ಹೆಚ್ಚಿನವರು ಅದನ್ನು ಮದುವೆಯ ದಿನವೇ ಕಳೆಯುತ್ತಾರೆ. ಗಂಡ ಹೆಂಡತಿ ಒಂದೊಂದು ಊದುಬತ್ತಿ ಹಚ್ಚಿ, ಎರಡೂ ಹೊಗೆ ಕೂಡಿಸಿ, ಆಮೇಲೆ ನಲವತ್ತು ವರ್ಷ ಅದರ ಕೆಳಗೆ ಕುಳಿತು ಜಗಳವಾಡುತ್ತ ಉಣ್ಣುತ್ತಾರೆ. ಕೆಲವರು ಮಗು ಹುಟ್ಟಿದಾಗ ಲೋಬಾನ ಹಾಕುತ್ತಾರೆ. ನಮ್ಮ ಜಕ್ಕಪ್ಪ ಮಾಸ್ತರರ ಅಜ್ಜಿ ಸಿಟ್ಟಿನ ಭರದಲ್ಲಿ ಸೊಸೆಯ ಸೀರೆಗೆ ಕಡ್ಡಿ ಗೀರಿ ತನ್ನ ಹೊಗೆ ಕಳೆದುಕೊಂಡಳಂತೆ. ಆ ಕರಿ ಹೊಗೆ ಇಂದಿಗೂ ಅವರ ಪಡಸಾಲೆಯಲ್ಲಿದೆ. ಬಂದ ಬೀಗರೆಲ್ಲ ಅದನ್ನು ಬಳಸಿಕೊಂಡೇ ಒಳಗೆ ಹೋಗಬೇಕು.

ನಾನು ಸಾತಪ್ಪ, ಪುಸ್ತಕ ಬೈಂಡ್ ಮಾಡುವವನು. ಶಾಲೆಯ ಎದುರಿಗೇ ಅಂಗಡಿ. ಮದುವೆಯಾಗಲಿಲ್ಲ, ನನ್ನ ಪಾಲಿನ ಹೊಗೆಯನ್ನೂ ಖರ್ಚು ಮಾಡಲಿಲ್ಲ. ಐವತ್ತನಾಲ್ಕು ದಾಟಿದರೂ ಹೊಗೆ ಇಟ್ಟುಕೊಂಡು ಕುಳಿತವನು ಊರಲ್ಲಿ ನಾನೊಬ್ಬನೇ. ಸಾತಪ್ಪ ಅದನ್ನ ಗಂಟು ಕಟ್ಟಿ ಕೈಲಾಸಕ್ಕ ಒಯ್ಯಾಂವ ಎಂದು ಚಾಷ್ಟಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಯಾತಕ್ಕಾಗಿ ಇಟ್ಟುಕೊಂಡಿದ್ದೆ ಎಂದು ನನಗೆ ಗೊತ್ತಿತ್ತು. ನಿಂಬೆವ್ವ ನಮ್ಮ ಓಣಿಯವಳು. ಎಂಟನೆಯ ತರಗತಿಯಲ್ಲಿ ಅವಳ ಭೂಗೋಳದ ಪುಸ್ತಕಕ್ಕೆ ನಾನು ಹಾಕಿಕೊಟ್ಟ ರಟ್ಟು ಇನ್ನೂ ಬಿಟ್ಟಿಲ್ಲ. ಅವರ ಮನೆಗೆ ಹೆಣ್ಣು ಕೇಳಿಕಳಿಸು ಎಂದು ಅಪ್ಪನಿಗೆ ಹೇಳುವುದನ್ನು ದೀಪಾವಳಿ ಆಗಲಿ, ಯುಗಾದಿ ಆಗಲಿ ಎಂದು ಮುಂದೂಡುತ್ತ ಹೋದೆ. ಅಷ್ಟರಲ್ಲಿ ಗುರುಲಿಂಗ ಬಂದು ನಿಂಬೆವ್ವನ ಜೊತೆ ತನ್ನ ಮದುವೆ ಗೊತ್ತಾಯಿತೆಂದು ಪೇಢೆ ಕೊಟ್ಟ. ಅವನು ನನ್ನ ಗೆಳೆಯ, ನನಗಿಂತ ಎರಡು ವರ್ಷ ದೊಡ್ಡವನು, ಊರಿನ ಲೈಟಿನ ಕೆಲಸ ಮಾಡುವವನು. ಪೇಢೆ ತಿಂದೆ. ಮದುವೆಯ ಮರುದಿನದಿಂದ ಅವಳನ್ನು ಹೆಸರು ಹಿಡಿದು ಕರೆಯುವುದು ಸಲ್ಲದೆಂದು, ಅಣ್ಣನ ಹೆಂಡತಿಗೆ ಅನ್ನುವ ಹಾಗೆ, ವೈನಿ ಅನ್ನತೊಡಗಿದೆ. ಅಷ್ಟರ ಮೇಲೂ ಹೊಗೆ ಯಾಕೆ ಇಟ್ಟುಕೊಂಡೆ ಎಂದರೆ, ಆಸೆಗೆ ಅರವತ್ತು ಬಾಗಿಲು.

ಆ ಗಂಡ ಹೆಂಡತಿಯೂ ಮದುವೆಯ ದಿನ ಊದುಬತ್ತಿ ಹಚ್ಚಲಿಲ್ಲ. ನನ್ನ ಹೊಗೆ ಬೀಡಿಗೇ ಮೀಸಲು ಎಂದು ಗುರುಲಿಂಗ ತಮಾಷೆ ಮಾಡುತ್ತಿದ್ದ, ಕೊನೆಗೆ ಹಾಗೆಯೇ ಆಯಿತು. ಎದೆಯ ಬೇನೆ ಹೆಚ್ಚಾಗಿ ಹಳ್ಳ ದಾಟುವ ಶಕ್ತಿ ಹೋದ ದಿನ ಅವನು ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕುಳಿತು ಒಂದು ಬೀಡಿ ಹಚ್ಚಿ, ಕೊನೆಯ ಝುರಕಿಯವರೆಗೆ ಸೇದಿದ. ನಾನೂ ಅಲ್ಲಿದ್ದೆ. ನಾಲ್ಕು ದಿನಕ್ಕೆ ತೀರಿಕೊಂಡ. ಆ ಹೊಗೆ ಕುರ್ಚಿಯ ಮೇಲೆ, ಕುಳಿತವನ ತಲೆಯ ಎತ್ತರದಲ್ಲಿ, ಹಾಗೆಯೇ ನಿಂತಿತು. ನಿಂಬೆವ್ವ ಅದರ ಪಕ್ಕದಲ್ಲಿ ಕುಳಿತು ಕಾಳು ಆರಿಸುತ್ತಿದ್ದಳು, ರವಿಕೆಗೆ ಗುಂಡಿ ಹಚ್ಚುತ್ತಿದ್ದಳು, ಒಮ್ಮೊಮ್ಮೆ ಮಾತೂ ಆಡುತ್ತಿದ್ದಳು. ಅವಳ ಪಾಲಿನದು ಇನ್ನೂ ಇತ್ತು. ತನ್ನ ಕೊನೆಯ ದಿನ ಆ ಕುರ್ಚಿಯಲ್ಲಿ ಕುಳಿತು ಒಂದು ಊದುಬತ್ತಿ ಹಚ್ಚಿ ಅವನ ಹೊಗೆಯೊಳಗೆ ಕೂಡಿಸುತ್ತೇನೆ, ಅಲ್ಲಿಯವರೆಗೆ ಬೇರೆಯವರ ಒಂದು ಎಳೆಯೂ ಅದಕ್ಕೆ ತಾಗಬಾರದು ಎಂಬುದು ಅವಳ ಹಟ. ಮೂರು ಸಲ ಕೊಡವಿಸುತ್ತಿದ್ದುದು ಅದಕ್ಕೆ.

ಎರಡು ವರ್ಷದ ಹಿಂದೆ ಅವಳಿಗೆ ಮೂಳೆಯ ನೋವು ಶುರುವಾಯಿತು. ಮೊದಲು ಬೆರಳು, ಆಮೇಲೆ ಮೊಣಕಾಲು, ಕಡೆಗೆ ಸೊಂಟ. ಡಾಕ್ಟರ ಗುಳಿಗೆ ಹೊಟ್ಟೆ ಸುಟ್ಟಿತೇ ಹೊರತು ನೋವು ಇಳಿಸಲಿಲ್ಲ. ಹಳ್ಳದ ಆಚೆ ಮಠವಿದೆ. ಅಲ್ಲಿಯ ಅಜ್ಜ ಭಂಗಿ ಬೆಳೆಯುತ್ತಾನೆ. ಭಂಗಿಯ ಚಿಲುಮೆ ಸೇದಿದರೆ ನೋವು ಹಿಮ್ಮೆಟ್ಟುತ್ತದೆಂದು ಎಲ್ಲರಿಗೂ ಗೊತ್ತು. ನಾಲ್ಕು ಜನ ಅವಳನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಹೋದೆವು. ಸೇದಿದಳು, ಮುಖ ಸಡಿಲಾಯಿತು, ಹಳ್ಳದ ನೀರು ನೋಡಿ ನಕ್ಕಳು ಕೂಡ. ಆದರೆ ಕಲ್ಲಿನ ಹಾದಿಯಲ್ಲಿ ಮರಳಿ ಹೊತ್ತು ತರುವಷ್ಟರಲ್ಲಿ ಕುಲುಕಾಟಕ್ಕೆ ನೋವು ಎರಡರಷ್ಟಾಗಿ ಬಂತು. ಮೇಲಾಗಿ ಕೂದಲಲ್ಲಿ ಭಂಗಿಯ ಹೊಗೆ ಉಳಿದಿದೆಯೆಂದು ಅವಳು ಮೂರು ದಿನ ಆ ಪಡಸಾಲೆಗೇ ಕಾಲಿಡದೆ ಅಡುಗೆ ಕೋಣೆಯಲ್ಲಿ ಮಲಗಿದಳು. ಹಾಲಿನಲ್ಲಿ ಅರೆದು ಕೊಟ್ಟರೆ ವಾಂತಿ. ಬೇರೆ ದಾರಿ ಕಾಣಲಿಲ್ಲ.

ಒಂದು ದಿನ ಬೆಳಿಗ್ಗೆ ನಾನು ಹೋದಾಗ ಕುರ್ಚಿಯ ಕೈಮೇಲೆ ಮಠದ ಚಿಲುಮೆ ಇತ್ತು, ಪಕ್ಕದಲ್ಲಿ ಕಡ್ಡಿಪೆಟ್ಟಿಗೆ. ಒಳಗಿನ ಕೋಣೆಗೆ ಏಳುವ ತ್ರಾಣವೂ ಇಲ್ಲ, ತನ್ನ ಪಾಲಿನ ಹೊಗೆಯನ್ನು ಇಲ್ಲೇ, ಈ ಚಿಲುಮೆಗೇ ಖರ್ಚು ಮಾಡುತ್ತೇನೆ, ಅವರ ಹೊಗೆ ಕೆಟ್ಟರೆ ಕೆಡಲಿ ಎಂದಳು. ಒಂದು ರಾತ್ರಿ ನಿದ್ದೆ ಬಂದರೆ ಸಾಕಂತೆ. ಮಾತು ಒಣಗಿತ್ತು, ಆದರೆ ಕಣ್ಣು ಆ ಹೊಗೆಯನ್ನು ಬಿಟ್ಟು ಸರಿಯಲಿಲ್ಲ. ಹನ್ನೊಂದು ವರ್ಷ ಕಾಯ್ದುಕೊಂಡದ್ದನ್ನು ಒಂದು ರಾತ್ರಿಯ ನಿದ್ದೆಗೆ ಸುರಿದು, ಮರುದಿನ ಎದ್ದು ಅವಳು ಏನನ್ನು ನೋಡುತ್ತ ಕೂರಬೇಕು?

"ಎಂಟು ದಿನ ಕೊಡು, ವೈನಿ," ಎಂದೆ. "ಎಂಟು ದಿನದಾಗ ಹೊಗಿ ಇಲ್ಲದಂಗ ತಂದು ಕೊಡತೇನಿ."

"ಹೊಗಿ ಇಲ್ಲದ ಭಂಗಿ ಎಲ್ಲೈತೋ, ಹುಚ್ಚ."

ಎಲ್ಲಿದೆಯೆಂದು ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಆಡಿಬಿಟ್ಟಿದ್ದೆ. ನೇರ ಮಠಕ್ಕೆ ಹೋಗಿ ಅಜ್ಜನ ಮುಂದೆ ಕುಳಿತೆ. ಅಜ್ಜ ಒಣಗಿದ ಹೂವಿನ ಗೊಂಚಲನ್ನು ಬೆರಳಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದ. ಬೆರಳು ಅಂಟಂಟಾಗಿತ್ತು. ಗುಣವೆಲ್ಲ ಈ ಅಂಟಿನಲ್ಲಿ, ಉಳಿದದ್ದು ಬರೀ ಹೊಟ್ಟು, ಜನ ಹೊಟ್ಟು ಸುಟ್ಟುಕೊಂಡು ಕೆಮ್ಮುತ್ತಾರೆ ಎಂದ. ಅಂಟು ಎಂದ ಕೂಡಲೇ ನನಗೆ ಧೈರ್ಯ ಬಂತು. ಮೂವತ್ತು ವರ್ಷ ಅಂಟಿನಲ್ಲೇ ಕೈ ಆಡಿಸಿದವನು ನಾನು. ಬೆಚ್ಚಗೆ ಮಾಡಿ ಒತ್ತಿದರೆ ಯಾವ ಅಂಟೂ ಹೊರಗೆ ಬರಲೇಬೇಕು. ಸುಡಬಾರದು, ಅಷ್ಟೆ. ಮೊದಲು ಅಲ್ಲೇ ಕೆಂಡದ ಮೇಲೆ ಎರಡು ತವೆ ಕಾಯಿಸಿ ಒತ್ತಿ ನೋಡಿದೆ; ಒಂದು ಮಗ್ಗುಲು ಹಸಿ, ಇನ್ನೊಂದು ಮಗ್ಗುಲು ಕರಿ. ಒಂದೇ ಸಮನಾದ ಶಾಖ ಬೇಕಾದರೆ ಕರೆಂಟು ಬೇಕು. ಕರೆಂಟು ಹಳ್ಳದ ಈಚೆಗೆ ಮಾತ್ರ ಇದೆ.

ಅಂಗಡಿಯಲ್ಲಿ ಅಪ್ಪನ ಕಾಲದ ಬೀಡುಕಬ್ಬಿಣದ ಪ್ರೆಸ್ಸು ಇದೆ. ಹೊಲಿದ ಪುಸ್ತಕವನ್ನು ನಡುವೆ ಇಟ್ಟು ಮೇಲಿನ ಚಕ್ರ ತಿರುಗಿಸಿದರೆ ಹಲಗೆ ಇಳಿದು ಒತ್ತುತ್ತದೆ. ಕಾಯಿಸುವುದಕ್ಕೆ ಎರಡು ಇಸ್ತ್ರಿ ಪೆಟ್ಟಿಗೆ ಬೇಕಾಯಿತು. ಒಂದು ನನ್ನದು. ಇನ್ನೊಂದನ್ನು ನಿಂಬೆವ್ವನೇ ಕೊಟ್ಟಳು. ಗುರುಲಿಂಗ ರಿಪೇರಿ ಮಾಡಿ ಮಾಡಿ ಇಟ್ಟುಕೊಂಡಿದ್ದ ಹಳೆಯ ಪೆಟ್ಟಿಗೆ, ವೈರಿಗೆ ಅವನ ಕೈಯ ಟೇಪು ಸುತ್ತಿತ್ತು. ಎರಡರ ಹಿಡಿಕೆಯನ್ನೂ ಬಿಚ್ಚಿ, ತಳ, ಗುಂಡಿ, ವೈರು ಮಾತ್ರ ಉಳಿಸಿ, ಅವನದನ್ನು ಮೇಲಿನ ಹಲಗೆಗೆ, ನನ್ನದನ್ನು ಕೆಳಗಿನದಕ್ಕೆ ಬೋಲ್ಟು ಹಾಕಿ ಎದುರುಬದುರು ಕೂರಿಸಿದೆ. ಶಾಖವನ್ನು ಪ್ರೆಸ್ಸಿನ ಕಬ್ಬಿಣವೇ ಕುಡಿದುಬಿಡಬಾರದೆಂದು ನಡುವೆ ಶಾಲೆಯ ಮಕ್ಕಳ ಒಡೆದ ಸ್ಲೇಟು ಪಾಟಿಗಳನ್ನು ಕೊಟ್ಟೆ. ಪೆಟ್ಟಿಗೆಯ ಗುಂಡಿಯ ಮೇಲೆ ನೈಲಾನ್, ರೇಷ್ಮೆ, ಉಣ್ಣೆ, ಹತ್ತಿ ಎಂದು ಬರೆದಿತ್ತು. ಭಂಗಿ ಎಂದು ಎಲ್ಲೂ ಬರೆದಿರಲಿಲ್ಲ.

ಎರಡು ದಿನ ಕಟ್ಟುವುದರಲ್ಲಿ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಹೂವನ್ನು ಬಟ್ಟೆಯಲ್ಲಿ ಸುತ್ತಿ, ಎಣ್ಣೆಕಾಗದದ ನಡುವೆ ಇಟ್ಟು, ಉಣ್ಣೆಗೆ ಗುಂಡಿ ತಿರುಗಿಸಿ, ಚಕ್ರ ಬಿಗಿ ಮಾಡಿದೆ. ಆಮೇಲೆ ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಪುಸ್ತಕವನ್ನು ಪ್ರೆಸ್ಸಿಗೆ ಹಾಕಿದ ಮೇಲೆ ಬೈಂಡರಿಗೆ ಕೆಲಸವಿರುವುದಿಲ್ಲ. ಅದು ಇಡೀ ದಿನ ಒತ್ತಿನಲ್ಲಿ ಕೂರಬೇಕು. ಚಕ್ರ ಬಿಗಿಯಾಯಿತೆಂದರೆ ನನ್ನ ಕೈ ತಾನಾಗಿ ಟವೆಲಿಗೆ ಹೋಗುತ್ತದೆ, ಕಾಲು ಬಾಗಿಲಿಗೆ ಹೋಗುತ್ತದೆ. ಮೂವತ್ತು ವರ್ಷದ ರೂಢಿ. ಕೆಟಲಿನ ಚಹಾದವನು ಮೂಲೆಯಲ್ಲಿ ನಿಂತಿದ್ದ. ಒಂದು ಕಪ್ ಕುಡಿದೆ, ಎರಡು ಮಾತಾಡಿದೆ, ಬಂದೆ. ಪ್ರೆಸ್ಸಿನ ಮೇಲೆ ಬೆರಳು ದಪ್ಪದ ನೀಲಿ ಹೊಗೆಯೊಂದು ನೆಟ್ಟಗೆ, ನನ್ನ ಎದೆಯ ಎತ್ತರಕ್ಕೆ ನಿಂತಿತ್ತು.

ಜಕ್ಕಪ್ಪ ಮಾಸ್ತರರು ಬಂದರು. ಯಾರ ಹೊಗೆ ಯಾವುದು ಎಂದು ನಿರ್ಧರಿಸುವ ಹಿರಿತನ ಊರಲ್ಲಿ ಅವರದು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಹೊಗೆಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು.

"ಸಾತಪ್ಪ, ಇದು ನಿಂದು," ಎಂದರು. "ನಿಂದು ಮುಗೀತಪಾ."

ಅವರು ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿ ಕುಳಿತೆ. ಇಷ್ಟು ವರ್ಷ ಯಾತಕ್ಕೋ ಎತ್ತಿಟ್ಟುಕೊಂಡದ್ದು ಒಂದು ಕಪ್ ಚಹಾ ಕುಡಿಯುವುದರಲ್ಲಿ ಹೋಗಿತ್ತು, ಅದೂ ಸುಟ್ಟ ಕಾಗದದ ಹೊಗೆಯಾಗಿ. ಅದಕ್ಕೆ ಪರಿಮಳವಿಲ್ಲ, ಅರ್ಥವಿಲ್ಲ, ಪಕ್ಕದಲ್ಲಿ ಕೂರುವವರಿಲ್ಲ. ತಾಯಿ ಸತ್ತ ದಿನ ಬಿಟ್ಟರೆ ನಾನು ಅಷ್ಟು ಅತ್ತದ್ದು ಅಂದೇ.

ಅತ್ತರೆ ಎಂಟು ದಿನ ಹನ್ನೆರಡಾಗುವುದಿಲ್ಲ. ಹೊಗೆಗೆ ಹೊಗೆ ತಾಗದಂತೆ ಪ್ರತಿ ಸಲ ಪ್ರೆಸ್ಸನ್ನು ತುಸು ಆಚೆ ಜರುಗಿಸುತ್ತಿದ್ದೆ. ನಾಲ್ಕನೆಯ ದಿನ ಪ್ರೆಸ್ಸಿನ ಪಕ್ಕದಲ್ಲೇ ನಿಂತಿದ್ದೆ, ಆದರೂ ಹೊಗೆ ಬಂತು. ಸುತ್ತಿದ್ದು ಬೈಂಡಿಂಗಿನ ಬಟ್ಟೆ. ಅದರ ಮೈಗೆ ಗಂಜಿ ಇರುತ್ತದೆಂದು ನನಗಲ್ಲದೆ ಮತ್ತಾರಿಗೆ ಗೊತ್ತಿರಬೇಕು? ಗಂಜಿ ಸೀದು ಎರಡನೆಯ ಹೊಗೆ ಎದ್ದಿತು. ಐದನೆಯ ದಿನ ಗುರುಲಿಂಗನ ಪೆಟ್ಟಿಗೆಯ ಗುಂಡಿ ಹತ್ತಿಯ ಮೇಲೆ ಕಚ್ಚಿಕೊಂಡು ಮೂರನೆಯದು. ಸತ್ತ ಮೇಲೂ ಬಿಡಲೊಲ್ಲಿ ನೋಡು ಎಂದು ಅವನನ್ನು ಬೈದು, ಗುಂಡಿ ಬಿಚ್ಚಿ ಸರಿಮಾಡಿದೆ. ಪಾಲಿಗಿಂತ ಹೆಚ್ಚಿನ ಪ್ರತಿ ಹೊಗೆಗೂ ಒಂದು ತಿಂಗಳು ಒಲೆಸಾಲಿನ ಬೂದಿ ಬಳಿಯಬೇಕೆಂಬುದು ಕಟ್ಟಳೆ. ನನ್ನ ಪಾಲಿಗೆ ಎರಡು ತಿಂಗಳು ಬಂತು. ಆರನೆಯ ದಿನ ಹೂವಿನಲ್ಲಿ ಪಸೆ ಉಳಿದು ಬುಸ್ ಎಂದಾಗ ಮಾಸ್ತರರು ಓಡಿ ಬಂದರು, ನೋಡುತ್ತಿದ್ದ ಹಾಗೆ ಅದು ಕರಗಿಹೋಯಿತು. ಆವಿ ಎಂದೆ. ಅವರು ಮೂಗೆತ್ತಿ ಒಂದು ಸುತ್ತು ಹಾಕಿ, ಒಪ್ಪಿ, ಮೂರನೆಯ ಹೊಗೆಗೆ ತಲೆ ತಾಗಿಸಿಕೊಂಡು ಹೋದರು.

ಊರ ಜನಕ್ಕೆ ಮೋಜು. ಪುಸ್ತಕ ತರುವ ನೆಪದಲ್ಲಿ ಬಂದು ಇವತ್ತು ಎಷ್ಟು ಎಬ್ಬಿಸಿದಿ ಎಂದು ಕೇಳುವವರು ಕೆಲವರು. ಹಗ್ಗ ಕಟ್ಟಿದರ ಅರಿವಿ ಒಣಗಿಸಬಹುದು ನೋಡು ಎನ್ನುವವರು ಕೆಲವರು. ನನಗೆ ನಗಲೂ ಪುರುಸೊತ್ತಿರಲಿಲ್ಲ. ಸಂಜೆ ನಿಂಬೆವ್ವನ ಮನೆಗೆ ಹೋಗುವಾಗ ಈ ಮೂರರ ವಾಸನೆ ಮೈಗೆ ಅಂಟಿರುತ್ತದೆಂದು ಬೇರೆ ಅಂಗಿಯೊಂದನ್ನು ಅಂಗಡಿಯ ಹೊರಗಿನ ಗೂಟಕ್ಕೆ ತೂಗುಹಾಕಿದ್ದೆ. ಕೈಕಾಲು ಮುಖ ತೊಳೆದು, ಅಂಗಿ ಬದಲಿಸಿ, ಹೊಸ್ತಿಲಲ್ಲಿ ಮೂರು ಸಲ ಕೊಡವಿ ಒಳಗೆ ಹೋದರೆ, ಅವಳು ನೋವಿಗೆ ಸೆರಗು ಕಚ್ಚಿಕೊಂಡು ಕುಳಿತಿರುತ್ತಿದ್ದಳು. ಎಷ್ಟನೆಯ ದಿನ ಎಂದು ಅವಳು ಕೇಳುತ್ತಿರಲಿಲ್ಲ. ಕಡ್ಡಿಪೆಟ್ಟಿಗೆ ಮಾತ್ರ ಕುರ್ಚಿಯ ಕೈಮೇಲೆಯೇ ಇರುತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ಎದ್ದವನೇ ಚಹಾ ಬಿಡುವುದಾಗಿ ಆಣೆ ಮಾಡಿದೆ. ಅಮ್ಮನ ಹಳೆಯ ಇಳಕಲ್ ಸೀರೆಯ ರೇಷ್ಮೆ ಸೆರಗಿನಿಂದ ಅಂಗೈಯಷ್ಟು ಹರಿದು, ಗಂಜಿ ಹೋಗುವವರೆಗೆ ಒಗೆದು ಒಣಗಿಸಿ, ಅದರಲ್ಲಿ ಹೂವು ಸುತ್ತಿದೆ. ಎರಡೂ ಗುಂಡಿಯನ್ನು ರೇಷ್ಮೆಗೂ ಉಣ್ಣೆಗೂ ನಡುವೆ, ಗೆರೆಯೇ ಇಲ್ಲದ ಜಾಗದಲ್ಲಿ ನಿಲ್ಲಿಸಿದೆ. ಉಗುಳಿನ ಬೆರಳು ಮುಟ್ಟಿಸಿದರೆ ಚುಂಯ್ ಎನ್ನಬಾರದು, ಬರೀ ಒಣಗಬೇಕು, ಅಷ್ಟು ಶಾಖ. ಚಕ್ರವನ್ನು ಕೈ ಬಿಡದೆ ಹಿಡಿದುಕೊಂಡೆ. ಬಿಗಿ ಮಾಡಲಿಲ್ಲ, ಕಾಲು ಸುತ್ತು ತಿರುಗಿಸುವುದು, ಉಸಿರು ಬಿಗಿಹಿಡಿದು ಕೇಳುವುದು, ಮತ್ತೆ ಕಾಲು ಸುತ್ತು. ಒತ್ತುವುದು ರಟ್ಟೆಯ ಕೆಲಸವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಶಾಲೆಯಲ್ಲಿ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಕಾಗದದ ಅಂಚಿನಲ್ಲಿ ಏನೋ ಮಿನುಗಿತು. ಬಿಚ್ಚಿದರೆ, ರೇಷ್ಮೆಯ ಸುತ್ತ ಜೇನಿನ ಬಣ್ಣದ ಅಂಟು ಹರಡಿಕೊಂಡಿತ್ತು. ತಣಿದ ಮೇಲೆ ಕೆರೆದರೆ ನಾಲ್ಕು ಅಕ್ಕಿಕಾಳಿನಷ್ಟಾಯಿತು. ತಲೆ ಎತ್ತಿ ನೋಡಿದೆ. ಅಂಗಡಿಯಲ್ಲಿ ಹೊಗೆ ಮೂರೇ ಇದ್ದವು.

ಆ ಅಂಟನ್ನು ಹೇಗೆ ಹದ ಮಾಡಬೇಕೆಂದು ಅಜ್ಜ ಹೇಳಿಕೊಟ್ಟ. ಎಂಟನೆಯ ದಿನ ಹೊತ್ತು ಏರುವ ಮೊದಲೇ ಬೆಲ್ಲದ ಚೂರಿನೊಳಗೆ ಅಕ್ಕಿಕಾಳಿನಷ್ಟು ಇಟ್ಟುಕೊಂಡು ಹೋದೆ. ಮೂರು ಸಲ ಕೊಡವಿದೆ. ನಿಂಬೆವ್ವ ಕುರ್ಚಿಯಲ್ಲಿದ್ದಳು, ಅವನ ಹೊಗೆಯ ಕೆಳಗೇ. ಚಿಲುಮೆ ತುಂಬಿತ್ತು. ಕಡ್ಡಿಪೆಟ್ಟಿಗೆ ಕೈಯಲ್ಲಿತ್ತು, ಬೆರಳು ಸೊಟ್ಟಾಗಿ ಕಡ್ಡಿ ತೆಗೆಯಲು ಬಾರದೆ ನಾಲ್ಕಾರು ಕಡ್ಡಿ ನೆಲಕ್ಕೆ ಬಿದ್ದಿದ್ದವು. ನಾನು ಬೆಲ್ಲ ಚಾಚಿದೆ. ಅವಳು ಬೆಲ್ಲ ನೋಡಿದಳು, ನನ್ನ ಮುಖ ನೋಡಿದಳು, ಬಾಯಿ ತೆರೆದಳು. ಬಾಯಿಗೆ ಹಾಕಿ ನಾನು ಬಾಗಿಲ ಪಕ್ಕದ ನನ್ನ ಮಾಮೂಲು ಜಾಗದಲ್ಲಿ ಕುಳಿತೆ. ಬಿಸಿಲು ಹೊಸ್ತಿಲಿನಿಂದ ತೊಲೆಕಂಬದವರೆಗೆ ಬಂತು. ಅವಳ ಭುಜ ಇಳಿಯಿತು, ಮುಷ್ಟಿ ಬಿಚ್ಚಿತು, ಕಡ್ಡಿಪೆಟ್ಟಿಗೆ ಜಾರಿ ಮಡಿಲಿಗೆ ಬಿತ್ತು. ಹಾಗೆಯೇ ಕುಳಿತಲ್ಲೇ ನಿದ್ದೆ ಹೋದಳು. ಗುರುಲಿಂಗನ ಹೊಗೆ ಅವಳ ನೆತ್ತಿಯ ಮೇಲೆ ಒಂದಿಷ್ಟೂ ಕೆಡದೆ ನಿಂತಿತ್ತು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ದಿನಕ್ಕೊಂದು ಕಾಳು. ಬೆಳಿಗ್ಗೆ ಒಲೆಸಾಲಿನ ಬೂದಿ ಬಳಿಯುವುದು, ಆಮೇಲೆ ಪುಸ್ತಕ, ಎರಡು ದಿನಕ್ಕೊಮ್ಮೆ ಪ್ರೆಸ್ಸು, ಸಂಜೆ ಅಂಗಿ ಬದಲಿಸಿ ನಿಂಬೆವ್ವನ ಮನೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಬಾಗಿಲ ಹೊರಗೆ ಹೋಗಿ ಕುಳಿತಿತು. ಅವಳು ತಾನೇ ಹೆರಳು ಹಾಕಿಕೊಂಡಳು. ಅವರೆಕಾಳು ಸುಲಿದಳು. ಗುರುಲಿಂಗ ಒಮ್ಮೆ ಲೈಟಿನ ಕಂಬ ಹತ್ತಿ ಇಳಿಯಲು ಬಾರದೆ ಕುಳಿತದ್ದು, ನಾನು ಕೆಳಗಿನಿಂದ ಅವನಿಗೆ ಬುತ್ತಿ ಎಸೆದದ್ದು, ಇಂಥವನ್ನೆಲ್ಲ ನೆನಪಿಸಿಕೊಂಡು ನಕ್ಕಳು. ನಾನು ಬಾಗಿಲ ಪಕ್ಕ, ಅವಳು ಕುರ್ಚಿಯ ಪಕ್ಕ, ಅವನು ಕುರ್ಚಿಯ ಮೇಲೆ. ಮೂವರೂ ಮೊದಲಿನ ಹಾಗೆಯೇ ಇದ್ದೆವು. ಮನೆಗೆ ಹೋಗುವಾಗ ಓಣಿಯ ತಿರುವಿನಲ್ಲಿ ದಿನವೂ ಒಮ್ಮೆ ಹಿಂದೆ ನೋಡುತ್ತಿದ್ದೆ.

ಒಂದೂವರೆ ತಿಂಗಳಾಗಿರಬೇಕು. ಶಾಲೆ ಬಿಡುವ ಹೊತ್ತಿಗೆ ಅಂಗಡಿಯ ಮುಂದೆ ಸೆರಗು ಕೊಡವುವ ಸದ್ದಾಯಿತು. ಒಂದು, ಎರಡು, ಮೂರು. ತಲೆ ಎತ್ತಿದರೆ ನಿಂಬೆವ್ವ, ಕೋಲೂರಿಕೊಂಡು, ಒಬ್ಬಳೇ. ಎರಡು ವರ್ಷದಿಂದ ಅವಳು ತನ್ನ ಕಾಲ ಮೇಲೆ ಓಣಿ ದಾಟಿರಲಿಲ್ಲ. ನಾನು ಎದ್ದ ರಭಸಕ್ಕೆ ಅಂಟಿನ ಡಬ್ಬಿ ಉರುಳಿತು. ಅವಳು ಸೆರಗನ್ನು ಮೈಗೆ ಬಿಗಿದು ಸುತ್ತಿಕೊಂಡು, ಯಾವ ಹೊಗೆಗೂ ತಾಗದಂತೆ ಜಾಗರೂಕತೆಯಿಂದ ನಡುವೆ ಬಂದು ನಿಂತಳು. ಪ್ರೆಸ್ಸು ನೋಡಿದಳು. ಮೇಲಿನ ತಳವನ್ನು ಮುಟ್ಟಿ, ವೈರಿನ ಹಳೆಯ ಟೇಪಿನ ಮೇಲೆ ಬೆರಳಾಡಿಸಿದಳು. ಆಮೇಲೆ ಮೂರು ಹೊಗೆಯನ್ನೂ ಒಂದೊಂದಾಗಿ ನೋಡಿದಳು.

"ಮಾಸ್ತರ ಹೇಳಿದ್ರು," ಎಂದಳು. "ಇದರಾಗ ನಿಂದು ಯಾವುದು?"

ತೋರಿಸಿದೆ. ಮೂರರಲ್ಲಿ ಎಲ್ಲಕ್ಕಿಂತ ಸಣ್ಣದು, ತೆಳುವಾದದ್ದು.

"ಮದವಿ ಮಾಡ್ಕೊಂಡು ತಗಿಲಿಲ್ಲ, ನಿಮ್ಮವ್ವ ಹೋದಾಗೂ ತಗಿಲಿಲ್ಲ. ಯಾತಕ್ಕ ಇಟ್ಕೊಂಡಿದ್ದಿ?"

"ಏನೋ ಇಟ್ಕೊಂಡಿದ್ದೆ, ವೈನಿ. ಯಾತಕ್ಕಂತ ಮರ್ತೇನಿ."

"ನೀ ಮರೆಯಾಂವಲ್ಲ," ಎಂದಳು.

ಅಷ್ಟೆ. ನಾನು ಚೆಲ್ಲಿದ ಅಂಟು ಒರೆಸುತ್ತ ಬಗ್ಗಿದೆ. ಮೇಲೆ ನೋಡುವ ಧೈರ್ಯ ಬರಲಿಲ್ಲ. ಅವಳು ಬಹಳ ಹೊತ್ತು ಆ ಹೊಗೆಯ ಎದುರಿಗೆ ನಿಂತಿದ್ದಳೆಂದು ಅವಳ ಕೋಲಿನ ತುದಿ ನೋಡಿ ಗೊತ್ತಾಯಿತು. ಆಮೇಲೆ ಕೋಲು ಬಾಗಿಲ ಕಡೆಗೆ ಸರಿಯಿತು. ಅದನ್ನು ಬಳಸಿಯೇ ಹೋದಳು, ತಾಗಿಸಿಕೊಳ್ಳಲಿಲ್ಲ. ಕಾಯ್ದುಕೊಂಡದ್ದನ್ನು ಅವಳು ಕಾಯ್ದುಕೊಳ್ಳಲೇಬೇಕು. ಅದಕ್ಕಾಗಿಯೇ ಅಲ್ಲವೆ ನಾನು ಇಷ್ಟೆಲ್ಲ ಮಾಡಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದರಿಂದ ಏನೂ ಹಗುರಾಗಲಿಲ್ಲ.

ಮರುದಿನ ಮಧ್ಯಾಹ್ನ ಮಳೆ ಬಂದು, ಗೂಟದ ಮೇಲಿನ ಅಂಗಿ ತೊಯ್ದು ತೊಪ್ಪೆಯಾಗಿತ್ತು. ಬೇರೆಯದು ಇರಲಿಲ್ಲ. ಕಾಳಿನ ಹೊತ್ತು ಮೀರುತ್ತಿತ್ತು. ಅಂಗಡಿಯ ಅಂಗಿಯಲ್ಲೇ ಹೋಗಿ, ಹೊಸ್ತಿಲ ಹೊರಗೆ ನಿಂತು ಕೈ ಚಾಚಿ ಬೆಲ್ಲ ಕೊಟ್ಟು ಬಂದರಾಯಿತು ಎಂದುಕೊಂಡು ನಡೆದೆ. ಒಳಗೆ ಹೋಗುವುದಿಲ್ಲವಾದರೂ ಹೊಸ್ತಿಲಿಗೆ ಹೋದ ಮೇಲೆ ಕೈ ಸುಮ್ಮನಿರಬೇಕಲ್ಲ. ಟವೆಲ್ ತೆಗೆದು ಒಂದು ಸಲ ಕೊಡವಿದೆ. ಎರಡನೆಯದಕ್ಕೆ ಕೈ ಎತ್ತಿದೆ.

"ಸಾಕು, ಸಾತಪ್ಪ," ಒಳಗಿನಿಂದ ನಿಂಬೆವ್ವನ ದನಿ ಬಂತು. "ಕೊಡವಬ್ಯಾಡ. ಹಂಗ ಒಳಗ ಬಾ."

ಕೈ ಎತ್ತಿದ್ದು ಅಲ್ಲೇ ನಿಂತಿತು. ಅವಳಿಗೆ ಗೊತ್ತಿಲ್ಲವೇನೋ ಎಂದುಕೊಂಡೆ.

"ವೈನಿ, ಅಂಗಿ ಅಂಗಡೀದು."

"ಗೊತ್ತೈತಿ. ನನಗೇನು ಮೂಗಿಲ್ಲನು?"

ಹನ್ನೊಂದು ವರ್ಷ ದಾಟಿದ ಹೊಸ್ತಿಲು ಅದು. ಆದರೂ ಮೊದಲ ಸಲ ಬಂದವನಂತೆ ನೋಡಿ ನೋಡಿ ಕಾಲಿಟ್ಟೆ. ಬಾಗಿಲ ಪಕ್ಕದ ನನ್ನ ಜಾಗದಲ್ಲಿ ಮಣೆ ಇರಲಿಲ್ಲ. ಅದನ್ನು ಅವಳು ಕುರ್ಚಿಯ ಪಕ್ಕಕ್ಕೆ, ತನ್ನ ಎದುರಿಗೆ ಹಾಕಿದ್ದಳು. ಕಡ್ಡಿಪೆಟ್ಟಿಗೆ ಮೇಲಿನ ಗೂಡಿಗೆ ಹೋಗಿತ್ತು, ಗುರುಲಿಂಗನ ಫೋಟೋದ ಹಿಂದೆ. ನಾನು ಹೋಗಿ ಕುಳಿತೆ. ಹತ್ತಿರ ಯಾರೇ ಬಂದರೂ ಸರಿಯುವ ಹಾಗೆ ಅವನ ಹೊಗೆ ತುಸು ಸರಿಯಿತು, ನನ್ನ ಭುಜದ ಮೇಲೆ ಒಂದು ಗಳಿಗೆ ನಿಂತು, ಮರಳಿ ತನ್ನ ಜಾಗಕ್ಕೆ ಹೋಯಿತು. ಬೀಡಿಯ ವಾಸನೆ, ಗುರುಲಿಂಗನ ವಾಸನೆ, ಅದರೊಳಗೆ ಈಗ ನನ್ನ ಅಂಗಿಯಿಂದ ಬೆರೆತ, ಸುಟ್ಟ ಎಣ್ಣೆಕಾಗದದ, ಭಂಗಿಯ ಒಂದು ತೆಳು ಎಳೆ. ನನ್ನ ಕಣ್ಣಲ್ಲಿ ನೀರು ಬಂತು. ನಿಂಬೆವ್ವ ಅದನ್ನು ನೋಡಿ, ಬೆಲ್ಲಕ್ಕಾಗಿ ಅಂಗೈ ಚಾಚಿದಳು. ಕೊಟ್ಟೆ. ಟವೆಲ್ ಹೊಸ್ತಿಲ ಹೊರಗೇ ಬಿದ್ದಿತ್ತು, ಅದನ್ನು ತರಲು ನಾನು ಏಳಲಿಲ್ಲ.